ಫ್ರೀಜರಿನಲ್ಲಿಟ್ಟ ಹಾರ್ಡ್ ಡಿಸ್ಕ್

ಉವಾನೊ ಮೊರಿಹಿಕೊನ ಮನೆಯಲ್ಲಿ ಏನು ಕೆಟ್ಟರೂ ಕೆಡಿಸಿದವಳು ಹೆಂಡತಿಯೇ. ಅದು ಆ ಮನೆಯ ಕಾಯಿದೆ. ಹೀಗಾಗಿ ನವೆಂಬರಿನ ಮೊದಲ ವಾರ ಹಿಂದಿನ ಕೋಣೆಯ ಹಳೇ ಕಂಪ್ಯೂಟರಿನ ಹೊಟ್ಟೆಯಿಂದ ಕಟಕ್, ಕಟಕ್ ಎಂದು ಸದ್ದು ಬರತೊಡಗಿದಾಗ, ಅವನು ಯಂತ್ರದ ಕಡೆ ನೋಡುವ ಮೊದಲೇ ಅಡುಗೆಮನೆಯ ಕಡೆ ತಿರುಗಿ "ಓಯ್" ಎಂದ.

ಯಸುಯೊ ಮಿಸೊ ಸಾರಿನ ಉರಿ ಸಣ್ಣ ಮಾಡಿ ಬಂದಳು. ಚಹಾ ಬೇಕೆನ್ನುವ ಓಯ್ ಯಾವುದು, ಕನ್ನಡಕ ಕಾಣಿಸುತ್ತಿಲ್ಲವೆನ್ನುವ ಓಯ್ ಯಾವುದು, ತಪ್ಪು ನಿನ್ನದೆನ್ನುವ ಓಯ್ ಯಾವುದು ಎಂದು ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕಿವಿಗೆ ಚೆನ್ನಾಗಿ ಗೊತ್ತಾಗಿತ್ತು. ಇದು ಮೂರನೆಯದು.

"ಇದರ ಹತ್ರ ವ್ಯಾಕ್ಯೂಮ್ ಹಾಕಿದ್ಯಾ?"

"ಕೋಣೆ ಗುಡಿಸೋವಾಗ ಹಾಕಿದೀನಿ."

"ಅದೇ ಮತ್ತೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊರಿಹಿಕೊಗೆ ನೆಲವೂ ಬೇಕಿರಲಿಲ್ಲ, ಹೆಂಡತಿಯಿದ್ದರೆ ಸಾಕಿತ್ತು. ತಕಾಒಕಾದಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವ ಕಾರ್ಖಾನೆಯೊಂದರಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದು ನಿವೃತ್ತನಾದವನು ಅವನು. ಕುರ್ಚಿ ಹೋಗಿತ್ತು, ಕುರ್ಚಿಯಲ್ಲಿ ಕೂತವನ ಕತ್ತು ಮಾತ್ರ ಇನ್ನೂ ಬಗ್ಗಿರಲಿಲ್ಲ. ಕೈಕೆಳಗಿನವರು ಯಾರೂ ಉಳಿಯದ ಮೇಲೆ ಮನೆಯೇ ವಿಭಾಗವಾಯಿತು. ಅದರಲ್ಲಿ ಎಂಬತ್ತು ದಾಟಿದ ತಾಯಿ ತೊಮೆ, ಹೆಂಡತಿ ಯಸುಯೊ, ಹಲ್ಲಿನ ಆಸ್ಪತ್ರೆಯೊಂದರ ಸ್ವಾಗತ ಮೇಜಿನಲ್ಲಿ ಕೂರುವ ಮದುವೆಯಾಗದ ಮಗಳು ಚಿಹಾರು, ಇಷ್ಟೇ ಸಿಬ್ಬಂದಿ. ಆ ಮೂವರಲ್ಲಿ ಅವನ ಮಾತು ಕೇಳುವವಳು ಒಬ್ಬಳೇ.

ಕಂಪ್ಯೂಟರು ಅವನು ನೌಕರಿಯಲ್ಲಿದ್ದಾಗ ಕೊಂಡದ್ದು. ಈಗ ಅದಕ್ಕಿದ್ದ ಕೆಲಸ ಒಂದೇ, ಹೊಸ ವರ್ಷದ ಕಾರ್ಡು. ಉಳಿದ ಹತ್ತು ತಿಂಗಳು ಯಸುಯೊ ಕಸೂತಿ ಹಾಕಿದ ಬಟ್ಟೆಯ ಕೆಳಗೆ ಮಲಗಿರುತ್ತಿತ್ತು. ನವೆಂಬರಿನಲ್ಲಿ ಮೊರಿಹಿಕೊ ಗರ್ಭಗುಡಿಯ ತೆರೆ ಸರಿಸುವವನ ಹಾಗೆ ಆ ಬಟ್ಟೆ ತೆಗೆಯುತ್ತಿದ್ದ. ಒಳಗೆ ಅವನ ವಿಳಾಸಪಟ್ಟಿ. ಹಳೆಯ ಮೇಲಧಿಕಾರಿಗಳು, ಗ್ರಾಹಕರು, ಸಹಪಾಠಿಗಳು, ನೆಂಟರು, ಇಪ್ಪತ್ತು ವರ್ಷದಿಂದ ಮುಖ ನೋಡದವರು, ಮುಖ ನೆನಪೇ ಇಲ್ಲದವರು. ಒಂದು ಬದಿಗೆ ವಿಳಾಸ, ಇನ್ನೊಂದು ಬದಿಗೆ ಹನ್ನೆರಡು ವರ್ಷದ ಚಕ್ರದಲ್ಲಿ ಆ ವರ್ಷಕ್ಕೆ ಬರುವ ಪ್ರಾಣಿಯ ಚಿತ್ರ, ಕೆಳಗೆ ಗಂಡ ಹೆಂಡತಿ ಇಬ್ಬರ ಹೆಸರು ಅಕ್ಕಪಕ್ಕ. ಎಲ್ಲವನ್ನೂ ಯಂತ್ರವೇ ಬರೆಯುತ್ತಿತ್ತು. ಕಾರ್ಡಿನ ಮೇಲೆ ಅವನ ಕೈಯ ಒಂದು ಗೆರೆಯೂ ಇರುತ್ತಿರಲಿಲ್ಲ. ಆದರೂ ಜನವರಿ ಒಂದರ ಬೆಳಿಗ್ಗೆ ರಬ್ಬರ್ ಪಟ್ಟಿ ಸುತ್ತಿದ ಕಾರ್ಡುಗಳ ಕಟ್ಟು ಬಾಗಿಲಿಗೆ ಬಂದಾಗ, ಅದನ್ನು ಅಂಗೈಯಲ್ಲಿ ತೂಗಿ ತನಗೆ ಜನ ಇದ್ದಾರೆ ಎನ್ನುತ್ತಿದ್ದ.

ಪಟ್ಟಿಯನ್ನು ನೆಟ್ಟಗೆ ಇಟ್ಟವಳು ಯಸುಯೊ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಹೊಸ ವರ್ಷದ ಶುಭಾಶಯ ಕಳಿಸುವ ಹಾಗಿಲ್ಲ, ಅವರಿಗೆ ಯಾರೂ ಕಳಿಸುವ ಹಾಗಿಲ್ಲ. ನಮ್ಮಲ್ಲಿ ಸೂತಕವಿದೆ ಎಂದು ಅವರೇ ನವೆಂಬರ್ ಡಿಸೆಂಬರಿನಲ್ಲಿ ಬೂದು ಬಣ್ಣದ ಕಾರ್ಡು ಹಾಕುತ್ತಾರೆ. ಅವನ್ನೆಲ್ಲ ಒಟ್ಟು ಮಾಡಿ ಓದಿ ಹೇಳುವವಳು, ಅಂತ್ಯಕ್ರಿಯೆಗಳಿಗೆ ಕಪ್ಪು ಬಟ್ಟೆ ತೊಟ್ಟು ಹೋಗಿ ಬಂದವಳು, ಯಾರು ವೃದ್ಧಾಶ್ರಮ ಸೇರಿದರು, ಯಾರ ಮದುವೆ ಮುರಿಯಿತು ಎಂದು ತಿಳಿದವಳು ಎಲ್ಲ ಅವಳೇ. ಮೊರಿಹಿಕೊ ಎರಡು ಬೆರಳಲ್ಲಿ ಗುಂಡಿ ಒತ್ತುತ್ತಿದ್ದ, ಒತ್ತಿ ನನ್ನ ಪಟ್ಟಿ ಎನ್ನುತ್ತಿದ್ದ.

ಆ ಪಟ್ಟಿಯಲ್ಲಿ ಒಂದು ಹೆಸರು ಇರಲಿಲ್ಲ. ಯಸುಯೊಳ ತಂಗಿ ಕಿನುಕೊ.

ಎಂಟು ವರ್ಷದ ಹಿಂದೆ ಯಸುಯೊಳ ತಂದೆಯ ವರ್ಷದ ತಿಥಿಯ ದಿನ, ಪುರೋಹಿತರೂ ನೆಂಟರೂ ಕೂತಿದ್ದ ಹಜಾರದಲ್ಲಿ ಮೊರಿಹಿಕೊ ಚಹಾಕ್ಕಾಗಿ ಎರಡು ಸಲ ಓಯ್ ಎಂದ. ಹಿಮಿ ಬಂದರಿನ ಮೀನು ವ್ಯಾಪಾರಿಯ ಹೆಂಡತಿ ಕಿನುಕೊ, ಮಾತನ್ನು ಹಲ್ಲಿನ ಹಿಂದೆ ಇಟ್ಟುಕೊಳ್ಳುವವಳಲ್ಲ. "ಭಾವ, ಕೆಟಲ್ ನಿಮ್ಮ ಮೊಣಕಾಲ ಹತ್ರಾನೇ ಇದೆ. ಅಕ್ಕನ ಕೈ ಅಡುಗೆಮನೇಲಿದೆ" ಎಂದಳು. ಪುರೋಹಿತರೂ ನಕ್ಕರು. ಮೊರಿಹಿಕೊನೂ ನಕ್ಕ. ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕಂಪ್ಯೂಟರು ತೆರೆದು ಅವಳ ಹೆಸರಿನ ಮೇಲೆ ಗುಂಡಿ ಒತ್ತಿದ. ಜಗಳವಾಡಲು ಗಂಡಸುತನ ಬೇಕು, ಗುಂಡಿ ಒತ್ತಲು ಬೆರಳಿದ್ದರೆ ಸಾಕು.

ಆ ಜನವರಿಯಲ್ಲಿ ಯಸುಯೊ ಕದ್ದು ಫೋನ್ ಮಾಡಿದಾಗ ಕಿನುಕೊ ಹೇಳಿದ್ದು ಇಷ್ಟೇ: "ಕಾರ್ಡಲ್ಲಿ ಇಬ್ಬರ ಹೆಸರಿರುತ್ತೆ ಅಕ್ಕ. ನಿಲ್ಲಿಸಿದ್ದೂ ಇಬ್ಬರೇ." ಫೋನು ಇಟ್ಟುಬಿಟ್ಟಳು. ಮುಂದಿನ ವರ್ಷ ಆ ಹೆಸರನ್ನು ಮತ್ತೆ ಸೇರಿಸಿ ಎಂದು ಯಸುಯೊ ಗಂಡನನ್ನು ಕೇಳಿದಳು. "ಯಾರು ಕಿನುಕೊ?" ಎಂದ ಅವನು, ಟಿವಿಯಿಂದ ಕಣ್ಣು ತೆಗೆಯದೆ. ಮತ್ತೆ ಅವಳು ಕೇಳಲಿಲ್ಲ. ಪ್ರತಿ ನವೆಂಬರಿನಲ್ಲಿ ಬಟ್ಟೆ ಸರಿದಾಗ ಅವನ ಹೆಗಲ ಹಿಂದೆ ನಿಂತು ಪರದೆ ನೋಡುತ್ತಿದ್ದಳು, ಅಷ್ಟೇ. ಅವಳಿಗೆ ಬೇಕಾಗಿದ್ದು ಆ ಒಂದು ಮನೆಗೆ ಒಂದು ಕಾರ್ಡು.

ಈಗ ಪಟ್ಟಿಯ ಪೆಟ್ಟಿಗೆಯೇ ಕಟಕ್ ಎನ್ನುತ್ತಿತ್ತು.

ಮೊದಲ ದಿನ ಮೊರಿಹಿಕೊ ಅದರ ಪಕ್ಕೆಗೆ ಎರಡು ತಟ್ಟಿದ. ಎರಡನೆಯ ದಿನ ಪಕ್ಕೆಯ ತಗಡು ಬಿಚ್ಚಿ, ಚಿಹಾರುವಿನ ಕೂದಲು ಒಣಗಿಸುವ ಯಂತ್ರದಿಂದ ದೂಳು ಊದಿದ. ದೂಳು ಯಸುಯೊ ಆಗತಾನೆ ಒಗೆದು ಹರವಿದ್ದ ಬಟ್ಟೆಗಳ ಮೇಲೆ ಕೂತಿತು. ಮೂರನೆಯ ದಿನ ಒಳಗಿನ ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ. ಸದ್ದು ಹೋಗಲಿಲ್ಲ. ಯಂತ್ರ ಎದ್ದೇಳುವುದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು, ಎದ್ದರೆ ಅಲ್ಲಾಡದೆ ನಿಲ್ಲುತ್ತಿತ್ತು. ಅವನು ಆರಿಸಿ ಮತ್ತೆ ಹಚ್ಚುತ್ತಿದ್ದ. ಇಡೀ ದಿನ ಅದೇ ಕೆಲಸ.

ಆಸ್ಪತ್ರೆಯಿಂದ ಬಂದ ಚಿಹಾರು ಬಾಗಿಲಲ್ಲೇ ಸದ್ದು ಕೇಳಿ ನಿಂತಳು. "ಅಪ್ಪಾ, ಆರಿಸಿ ಅದನ್ನ. ಅದು ಹಾರ್ಡ್ ಡಿಸ್ಕ್ ಸಾಯೋ ಸದ್ದು. ಹಚ್ಚಿದಷ್ಟೂ ಬೇಗ ಸಾಯುತ್ತೆ. ಈ ಸಲ ಎದ್ರೆ ಮೊದಲು ಪಟ್ಟಿ ಬೇರೆ ಕಡೆ ಇಳಿಸ್ಕೊಳ್ಳಿ, ಆಮೇಲೆ ಬೇಕಾದ್ದು ಮಾಡಿ."

"ಹಲ್ಲಿನ ಆಸ್ಪತ್ರೇಲಿ ಫೋನ್ ಎತ್ತೋಳು ನನಗೆ ಕಂಪ್ಯೂಟರ್ ಹೇಳ್ಕೊಡ್ತೀಯಾ? ನಮ್ಮ ವಿಭಾಗಕ್ಕೆ ಮೊದಲ ಕಂಪ್ಯೂಟರ್ ತರಿಸಿದೋನು ನಾನು."

"ತರಿಸಿದ್ರಿ. ಮುಟ್ಟಿದ್ದು ಬೇರೆಯವರು" ಎಂದು ಚಿಹಾರು ಕೋಟು ತೂಗುಹಾಕಿ ಊಟಕ್ಕೆ ಹೋದಳು.

ಅವನು ಡಿಸ್ಕನ್ನು ಪರೀಕ್ಷಿಸುವ ಯಾವುದೋ ಕೆಲಸಕ್ಕೆ ಯಂತ್ರವನ್ನು ಹಚ್ಚಿದ. ಪರದೆಯ ಮೇಲೆ ನೂರಕ್ಕೆ ಹನ್ನೆರಡು ಎಂದು ಬಂತು. ಮಾರನೆಯ ಮಧ್ಯಾಹ್ನವೂ ಹನ್ನೆರಡೇ ಇತ್ತು. ಮೊರಿಹಿಕೊ ಕೈಕಟ್ಟಿಕೊಂಡು ಅದರ ಎದುರು ಕೂತಿದ್ದ, ಮೇಲಧಿಕಾರಿ ನೋಡುತ್ತಿದ್ದರೆ ನೌಕರ ಬೇಗ ಕೆಲಸ ಮಾಡುತ್ತಾನೆ ಎಂಬ ಹಳೇ ನಂಬಿಕೆಯಲ್ಲಿ. ಅನ್ನದ ಬಟ್ಟಲನ್ನೂ ಅಲ್ಲಿಗೇ ತರಿಸಿಕೊಂಡ. ಉಪ್ಪಿನಕಾಯಿ ಮೂಲಂಗಿಯನ್ನು ತೆಳ್ಳಗೆ ಹೆಚ್ಚಬೇಕಿತ್ತು ಎಂದು ಹೇಳಿ ಕಳಿಸಿದ.

ಆ ವಾರದ ಕೊನೆಗೆ ಒಂದು ಪವಾಡ ನಡೆಯಿತು. ಯಂತ್ರ ಎದ್ದಿತು, ಪಟ್ಟಿ ತೆರೆಯಿತು. ಈಗ ಇಳಿಸ್ಕೊಳ್ಳಿ ಎಂದು ಚಿಹಾರು ಬೆರಳುದ್ದದ ಸಾಧನವೊಂದನ್ನು ಚಾಚಿದಳು. ಮೊರಿಹಿಕೊ ಅದನ್ನು ಪಕ್ಕಕ್ಕೆ ಸರಿಸಿ, ಯಾವುದಕ್ಕೂ ಒಂದು ಕ್ರಮವಿರುತ್ತದೆ, ಮೊದಲು ಈ ವರ್ಷದ ಸೂತಕದ ಮನೆಗಳನ್ನು ಗುರುತು ಹಾಕಬೇಕು ಎಂದ. ಓಯ್ ಎಂದ. ಯಸುಯೊ ಬೂದು ಕಾರ್ಡುಗಳನ್ನು ತಂದು ಒಂದೊಂದಾಗಿ ಓದಿದಳು. ಸಾಯುತ್ತಿರುವ ಡಿಸ್ಕಿನೊಳಕ್ಕೆ ಅವನು ಸತ್ತವರ ಹೆಸರುಗಳನ್ನು ಎರಡು ಬೆರಳಲ್ಲಿ ಇಳಿಸಿದ. ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಇಳಿಸಿಕೊಳ್ಳುವ ಕೆಲಸ ನಾಳೆಗಾಯಿತು. ಮರುದಿನ ಪರದೆ ಒಮ್ಮೆ ನೀಲಿಯಾಗಿ ಆಮೇಲೆ ಕಪ್ಪಾಯಿತು, ಮತ್ತೆ ಏಳಲಿಲ್ಲ.

ಅಂಗಡಿಗೆ ಹೋಗಿ ಬಂದವನು ಗುಡುಗುತ್ತಿದ್ದ. ಒಳಗಿನದನ್ನು ತೆಗೆಯಲು ಒಸಾಕಾಕ್ಕೆ ಕಳಿಸಬೇಕಂತೆ, ಅದಕ್ಕೆ ಕೇಳಿದ ಹಣದಲ್ಲಿ ಮನೆಗೊಂದು ಹೊಸ ಫ್ರಿಜ್ಜು ಬರುತ್ತಿತ್ತು. ಹಣಕ್ಕಿಂತ ಅವನಿಗೆ ಉರಿದದ್ದು ಬೇರೆ. ಅಲ್ಲಿನ ಹುಡುಗ ಇವನನ್ನು ಅಜ್ಜ ಎಂದು ಕರೆದಿದ್ದ. ತೊಮೆ ಅಜ್ಜಿ ಮೇಜಿನ ಆಚೆಯಿಂದ, ಮೊಮ್ಮಕ್ಕಳು ಇಲ್ಲದೇ ಇದ್ದರೂ ಅಜ್ಜನ ಮುಖ ಇದೆಯಲ್ಲ ಎಂದಳು. ಕಣ್ಣು ಮಂಜಾಗುವವರೆಗೆ ಕುಂಚದಲ್ಲಿ ತಾನೇ ಕಾರ್ಡು ಬರೆಯುತ್ತಿದ್ದವಳು ಅವಳು. ಆ ಪೆಟ್ಟಿಗೆಯ ಮೇಲೆ ಅವಳಿಗೆ ಎಂದೂ ಗೌರವವಿರಲಿಲ್ಲ, ಮಗನ ಮೇಲೆ ಇದ್ದದ್ದು ಯಾವಾಗಲೋ ಕರಗಿಹೋಗಿತ್ತು.

ಅದೇ ರಾತ್ರಿ ಅವನು ಎಲ್ಲಿಂದಲೋ ಒಂದು ಹಳೇ ಕಂಪ್ಯೂಟರ್ ಪತ್ರಿಕೆ ಹುಡುಕಿ ತೆಗೆದ. ಸತ್ತ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಹೊತ್ತು ಜೀವ ಬರುತ್ತದಂತೆ. ಡಿಸ್ಕನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೊಸ ವರ್ಷಕ್ಕೆಂದಿಟ್ಟ ಮೋಚಿ ಅಕ್ಕಿಕಡುಬಿನ ಪಕ್ಕದಲ್ಲಿ, ಕಡಲಪಾಚಿಯಲ್ಲಿ ಒತ್ತಿಟ್ಟ ಮೀನಿನ ಪೊಟ್ಟಣಗಳ ಮೇಲಿಟ್ಟ. ಯಾರಿಗೂ ಹೇಳಲಿಲ್ಲ. ವಿಭಾಗದ ಮುಖ್ಯಸ್ಥ ಸಿಬ್ಬಂದಿಗೆ ಹೇಳಿ ಕೆಲಸ ಮಾಡುವುದುಂಟೇ?

ಮರುದಿನ ಮಧ್ಯಾಹ್ನ ಯಸುಯೊ ಮಾರುಕಟ್ಟೆಗೆ ಹೋಗಿದ್ದಾಗ ತೊಮೆಗೆ ಮೀನು ತಿನ್ನಬೇಕೆನಿಸಿತು. ಫ್ರೀಜರಿನಲ್ಲಿ ಕೈಯಾಡಿಸಿದಳು. ಕಪ್ಪಗೆ, ಚಪ್ಪಟೆಗೆ, ಅಂಗೈಯಗಲದ ಪೊಟ್ಟಣ ಮೇಲೆಯೇ ಸಿಕ್ಕಿತು. ಕಡಲಪಾಚಿ ಮೀನನ್ನು ಕರಗಿಸುವ ಕ್ರಮ ಆ ಸೀಮೆಯಲ್ಲಿ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಬೋಗುಣಿಗೆ ನೀರು ತುಂಬಿ ಪೊಟ್ಟಣವನ್ನು ಮುಳುಗಿಸಿ, ತೇಲದಿರಲೆಂದು ಮೇಲೊಂದು ತಟ್ಟೆ ಇಟ್ಟು, ಹೋಗಿ ಮಲಗಿದಳು. ಚೀಲದ ಬಾಯನ್ನು ಮೊರಿಹಿಕೊ ಪೂರ್ತಿ ಮುಚ್ಚಿರಲಿಲ್ಲ.

ಸಂಜೆ ಎದ್ದ ರಂಪ ಬೀದಿಗೆ ಕೇಳಿಸಿರಬೇಕು. ತಾಯಿಯನ್ನು ಬೈಯುವ ಧೈರ್ಯ ಇರಲಿಲ್ಲವಾದ್ದರಿಂದ ಅವನು ಹೆಂಡತಿಯನ್ನು ಬೈದ. ಮನೆಯಲ್ಲಿರಬೇಕಾದವಳು ಮಾರುಕಟ್ಟೆಯಲ್ಲಿ ಏನು ಮಾಡುತ್ತಿದ್ದಳು, ಮುದುಕಿಯ ಕೈಗೆ ಫ್ರೀಜರು ಕೊಟ್ಟವರು ಯಾರು.

"ಫ್ರೀಜರಲ್ಲಿರೋದು ತಿನ್ನೋ ವಸ್ತು ಅಂತ ತಿಳ್ಕೊಂಡೆ" ಎಂದಳು ತೊಮೆ. "ನಿಮ್ಮಪ್ಪನೂ ದಡ್ಡನೇ. ಆದ್ರೆ ಮೀನಿನ ಜೊತೆ ಕಬ್ಬಿಣ ಇಟ್ಟೋನಲ್ಲ."

ಚಿಹಾರು ನಕ್ಕು ಸಾರು ನೆತ್ತಿಗೇರಿಸಿಕೊಂಡಳು. ಯಸುಯೊ ನಗಲಿಲ್ಲ. ಬೋಗುಣಿಯ ನೀರು ಚೆಲ್ಲಿ, ಡಿಸ್ಕನ್ನು ಒರಸು ಬಟ್ಟೆಯಲ್ಲಿ ಒರಸಿ ಗಂಡನ ಕೈಗೆ ಕೊಟ್ಟಳು. ಈ ವರ್ಷ ಯಾರಿಗೂ ಕಾರ್ಡು ಇಲ್ಲ, ಪೀಡೆ ಕಳೆಯಿತು ಎಂದು ಅವಳ ಮನಸ್ಸಿನಲ್ಲಿ ಒಂದು ನಿಮಿಷ ಬಂತು.

ಆದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. ಎರಡು ದಿನ ಕಪಾಟುಗಳನ್ನೆಲ್ಲ ಬುಡಮೇಲು ಮಾಡಿ ಮೊರಿಹಿಕೊ ಒಂದು ಸಿಡಿ ಹುಡುಕಿ ತೆಗೆದ. ಮೇಲೆ ಚಿಹಾರುವಿನ ಅಕ್ಷರದಲ್ಲಿ 'ವಿಳಾಸ' ಎಂದಿತ್ತು, ಇಸವಿ ಇರಲಿಲ್ಲ. ಮುಂದಾಲೋಚನೆ ಎಂದರೆ ಇದು ಎಂದು ಎಲ್ಲರಿಗೂ ತೋರಿಸಿದ. ಹೊಸ ಡಿಸ್ಕು ಹಾಕಿಸಲು ಅದೇ ಅಂಗಡಿಗೆ ಹೋಗಬೇಕಾಗಿ ಬಂದಾಗ ಮಾತ್ರ ತಾನು ಕಾರಿನಲ್ಲೇ ಕೂತು ಯಸುಯೊಳನ್ನು ಒಳಗೆ ಕಳಿಸಿದ. ಇನ್ನೊಮ್ಮೆ ಅಜ್ಜ ಅನ್ನಿಸಿಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ.

ಡಿಸೆಂಬರಿನ ನಡುವೆ ಪ್ರಿಂಟರು ಕಿರುಗುಟ್ಟತೊಡಗಿತು. ಬಂದ ಕಾರ್ಡುಗಳ ಶಾಯಿ ಆರಲು ಅವನ್ನು ಚಳಿಗೆ ಕಾಲು ಕಾಯಿಸಿಕೊಳ್ಳುವ ಬಿಸಿಮೇಜಿನ ಮೇಲೆ ಹರವುವುದು ಯಸುಯೊಳ ಕೆಲಸ. ನಾಲ್ಕನೆಯ ಸಾಲು ಹರವುವಾಗ ಅವಳ ಕೈ ನಿಂತಿತು. ಕಾರ್ಖಾನೆಯ ತೊಗಾಶಿ. ಅವನ ಶವದ ಮುಂದೆ ಇವಳೇ ಧೂಪ ಹಚ್ಚಿ ಬಂದಿದ್ದಳು. ಅದರ ಪಕ್ಕದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಬೇರೆಯಾದ ದಂಪತಿ, ಒಂದೇ ಮನೆಯ ಒಂದೇ ಸಾಲಿನಲ್ಲಿ ಮತ್ತೆ ಸಂಸಾರ ಹೂಡಿದ್ದರು. ಮೊನ್ನೆ ತಾನೇ ಓದಿ ಹೇಳಿದ ಸೂತಕದ ಮನೆಗಳೂ ಒಂದು ಬಿಡದೆ ಬಂದಿದ್ದವು. ಆ ಗುರುತುಗಳು ಬೋಗುಣಿಯ ನೀರಿನಲ್ಲಿ ಹೋಗಿದ್ದವಲ್ಲ. ಸಿಡಿ ತೀರ ಹಳೆಯದು. ಯಸುಯೊ ಗಂಡನನ್ನು ಕರೆಯಲು ಬಾಯಿ ತೆರೆದಳು.

ಆಗ ಕಂಡಿತು. ಹಿಮಿ. ಹಮಾದೆ ತಾತ್ಸುಜಿ, ಕಿನುಕೊ.

ಬಾಯಿ ಮುಚ್ಚಿಕೊಂಡಳು. ಕಾರ್ಡನ್ನು ಕೈಗೆತ್ತಿಕೊಳ್ಳಲೂ ಹೆದರಿಕೆಯಾಯಿತು, ಶಾಯಿ ಇನ್ನೂ ಹಸಿಯಾಗಿತ್ತು. ಪಟ್ಟಿ ಹಳೆಯದು ಎಂದು ಹೇಳಿದರೆ ಅವನು ಒಂದೊಂದೇ ಹೆಸರು ನೋಡುತ್ತಾನೆ. ನೋಡಿದರೆ ಈ ಹೆಸರೂ ಕಾಣುತ್ತದೆ, ಮತ್ತೆ ಗುಂಡಿ ಒತ್ತುತ್ತಾನೆ. ಸತ್ತವರ ಕಾರ್ಡುಗಳನ್ನು ತಾನೇ ಮೆಲ್ಲಗೆ ಎತ್ತಿಡೋಣವೆಂದರೆ, ಅಂಚೆಗೆ ಹಾಕುವ ಮುಂಚೆ ಎಣಿಸದಿದ್ದರೆ ಅವನಿಗೆ ನಿದ್ದೆ ಬಾರದು. ಎಣಿಕೆ ತಪ್ಪಿದರೆ ಪಟ್ಟಿ ಮತ್ತೆ ತೆರೆಯುತ್ತದೆ. ಒಂದು ಕಾರ್ಡು ಹೋಗಬೇಕಾದರೆ ಎಲ್ಲವೂ ಹೋಗಬೇಕು. ಪೆನ್ನು ತೆಗೆದು ಮೂಲೆಯಲ್ಲಿ ಒಂದು ಸಾಲು ಬರೆಯೋಣ ಅನಿಸಿತು. ಅವನು ನೋಡಿದರೆ? ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದಳು. ಥೂ ನನ್ನ ಜನ್ಮಕ್ಕೆ, ಅರವತ್ತು ದಾಟಿದರೂ ತಂಗಿಗೆ ಒಂದು ಸಾಲು ಬರೆಯಲು ಗಂಡನಿಗೆ ಹೆದರಬೇಕು ಎಂದು ತನ್ನ ಮೇಲೇ ಅಸಹ್ಯಪಟ್ಟುಕೊಂಡಳು.

ರಾತ್ರಿ ಊಟಕ್ಕೆ ಮೂಲಂಗಿ ಹಾಕಿ ಬೇಯಿಸಿದ ಬುರಿ ಮೀನು. ಮೊರಿಹಿಕೊ ಮೂಳೆ ಬಿಡಿಸುತ್ತ ಮೀನು ಸಪ್ಪೆ ಎಂದ. ಸೂಪರ್ ಮಾರ್ಕೆಟ್ಟಿನದು ಹೀಗೇ ಎಂದ. ಮೊದಲು ವರ್ಷಾಂತ್ಯಕ್ಕೆ ಹಿಮಿಯಿಂದ ಅರ್ಧ ಬುರಿ ಬರುತ್ತಿದ್ದುದನ್ನು ಯಾರೂ ನೆನಪಿಸಲಿಲ್ಲ.

ಚಿಹಾರು ಗೋಡೆಗೆ ಪೇರಿಸಿದ್ದ ಕಾರ್ಡಿನ ಕಟ್ಟುಗಳನ್ನು ನೋಡಿದಳು. "ಅಪ್ಪಾ, ಆ ಸಿಡಿ ನಾನು ಕಾಲೇಜಲ್ಲಿದ್ದಾಗ ಮಾಡಿದ್ದು. ಅದರಲ್ಲಿರೋ ಅರ್ಧ ಜನ ಈಗ ಅಲ್ಲಿರಲ್ಲ."

"ಮನೆಗಳು ಎದ್ದು ಓಡಿಹೋಗ್ತಾವಾ?"

"ಮನುಷ್ಯರು ಸಾಯ್ತಾರೆ."

"ಸೂತಕದೋರನ್ನೆಲ್ಲ ನವೆಂಬರಲ್ಲೇ ಗುರುತು ಹಾಕಿದೀನಿ. ನಿಮ್ಮಮ್ಮನೇ ಓದಿದ್ದು."

"ಅದು ಅಜ್ಜಿ ನೆನೆಹಾಕಿದ ಡಿಸ್ಕಲ್ಲಿ!" ಎಂದ ಚಿಹಾರು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಇಡೀ ದಿನ ಅವನ್ನ ಒಣಗಿಸಿದೋಳು ನೀನು. ನಿನಗೆ ಗೊತ್ತಿರುತ್ತೆ. ಹೇಳು."

ಎಲ್ಲರೂ ಅವಳನ್ನು ನೋಡಿದರು. ತೊಮೆಯೂ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ಯಸುಯೊ ಅತ್ತೆಯ ತಟ್ಟೆಯ ಮೀನಿನಿಂದ ಮೂಳೆ ತೆಗೆಯುತ್ತಿದ್ದಳು, ತೆಗೆಯುತ್ತಲೇ ಇದ್ದಳು.

"ಅಪ್ಪ ಹೇಳಿದ ಹಾಗೇ ಆಗ್ಲಿ. ಅವರ ಪಟ್ಟಿ" ಎಂದಳು.

ಚಿಹಾರು ಬಟ್ಟಲು ತಳ್ಳಿ ಎದ್ದಳು. "ನಿನ್ನನ್ನ ನೋಡಿದ್ರೆ ನನಗೆ ಮದುವೆ ಅಂದ್ರೇನೇ ವಾಕರಿಕೆ ಬರುತ್ತೆ" ಎಂದು ಹೇಳಿ ಮೇಲೆ ಹೋದಳು. ಆ ಮಾತು ಯಸುಯೊಗೆ ನಾಟಿತು. ಆದರೂ ಅವಳು ಉಳಿದ ಮೀನನ್ನು ಡಬ್ಬಿಗೆ ಹಾಕಿಟ್ಟು ಪಾತ್ರೆ ತೊಳೆದಳು. ತಾನು ಹೆದರಿ ಸುಮ್ಮನಾಗಲಿಲ್ಲ, ಆಸೆಪಟ್ಟು ಸುಮ್ಮನಾದೆ ಎಂದು ಮಗಳಿಗೆ ಹೇಳುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ. ಮರುದಿನ ಮೊರಿಹಿಕೊ ಕಾರ್ಡುಗಳನ್ನು ಎಣಿಸಿ, ಎಣಿಕೆ ಸರಿಯಿದೆ ಎಂದು ಹೆಮ್ಮೆಯಿಂದ ಹೇಳಿ, ತಾನೇ ಅಂಚೆ ಕಚೇರಿಗೆ ಒಯ್ದು ಹಾಕಿ ಬಂದ.

ಹೊಸ ವರ್ಷದ ಬೆಳಿಗ್ಗೆ ಅವನ ಅಂಗೈಗೆ ಬಂದ ಕಟ್ಟು ತೆಳ್ಳಗಿತ್ತು. ಜನಕ್ಕೆ ಈಗೀಗ ಮರ್ಯಾದೆ ಇಲ್ಲ ಎಂದ. ಮೂರನೆಯ ತಾರೀಖಿನಿಂದ ಫೋನು ಬಡಿದುಕೊಳ್ಳತೊಡಗಿತು.

ಮೊದಲು ತೊಗಾಶಿಯ ಹೆಂಡತಿ. ಯಜಮಾನರ ಹೆಸರಿಗೆ ಶುಭಾಶಯ ಬಂದಿದೆ, ಈ ವರ್ಷವೂ ಆರೋಗ್ಯವಾಗಿರಿ ಎಂದು ಬರೆದಿದೆ, ಹೆಣದ ಮುಂದೆ ನೀವೇ ಕೂತಿದ್ದಿರಲ್ಲ ಎಂದಳು. ಆಮೇಲೆ ಬೇರೆಯಾದ ದಂಪತಿಯ ಗಂಡ, ಅವನ ಹೊಸ ಹೆಂಡತಿಯ ಕೈಗೆ ಕಾರ್ಡು ಸಿಕ್ಕಿತ್ತಂತೆ. ಮಗನನ್ನು ಕಳೆದುಕೊಂಡು ಮೂರು ತಿಂಗಳೂ ಆಗದ ಒಬ್ಬ ಮುದುಕ ಏನೂ ಬೈಯಲಿಲ್ಲ, ಸೂತಕದ ಕಾರ್ಡು ತಲುಪಲಿಲ್ಲವೇ ಎಂದು ವಿನಯವಾಗಿ ಕೇಳಿದ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಫೋನು ಸದ್ದು ಮಾಡಿದಾಗಲೆಲ್ಲ ಮೊರಿಹಿಕೊಗೆ ಶೌಚಾಲಯಕ್ಕೆ ಅವಸರವಾಗುತ್ತಿತ್ತು. ಬಾಗಿಲ ಒಳಗಿನಿಂದಲೇ, ಕಂಪ್ಯೂಟರ್ ತಪ್ಪು ಅನ್ನು ಎಂದು ಕೂಗುತ್ತಿದ್ದ. ಯಸುಯೊ ಫೋನಿಗೆ ತಲೆ ಬಗ್ಗಿಸಿ ಬಗ್ಗಿಸಿ, ಯಂತ್ರ ಕೆಟ್ಟಿತ್ತು, ಯಂತ್ರದ ತಪ್ಪು ಎನ್ನುತ್ತಿದ್ದಳು. ಯಂತ್ರದ ತಪ್ಪಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ಮುದುಕನ ಫೋನು ಇಟ್ಟ ಮೇಲೆ ಅವಳು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು.

ಆರನೆಯ ತಾರೀಖು ಮತ್ತೆ ಫೋನು ಬಂತು. ಎತ್ತಿದಳು. ಆಚೆಯಿಂದ ಬರೀ ಉಸಿರು ಕೇಳಿಸಿತು, ಯಸುಯೊಗೆ ಉಸಿರಲ್ಲೇ ಗೊತ್ತಾಯಿತು.

"ಕಿನು?"

"ಕಾರ್ಡ್ ಬಂತು ಅಕ್ಕ. ಎಂಟು ವರ್ಷದ ಮೇಲೆ."

"ಹೂಂ."

"ಹೊಸ ವರ್ಷದ ಶುಭಾಶಯ ಅಂತಿದೆ. ಇಬ್ಬರ ಹೆಸರಿಗೂ." ಕಿನುಕೊಳ ದನಿ ಗಡುಸಾಗಿತ್ತು. "ಇವರು ಸೆಪ್ಟೆಂಬರಲ್ಲಿ ಹೋದ್ರು. ಹರಾಜುಕಟ್ಟೆ ಮೇಲೆ ಮೀನಿನ ಪೆಟ್ಟಿಗೆ ಎತ್ತೋವಾಗ ಕುಸಿದ್ರು, ಅಷ್ಟೇ. ಸೂತಕದ ಕಾರ್ಡ್ ಬರೀವಾಗ ನಿನ್ನ ವಿಳಾಸದ ಮುಂದೆ ಒಂದು ಗಂಟೆ ಕೂತಿದ್ದೆ. ಆಮೇಲೆ, ಕಾರ್ಡು ನಿಲ್ಲಿಸಿದೋರಿಗೆ ಯಾಕೆ ಅಂತ ಬಿಟ್ಟೆ."

ಯಸುಯೊ ಅಲ್ಲೇ ನೆಲದ ಮೇಲೆ ಕೂತಳು.

"ಒಂದು ಕೇಳ್ತೀನಿ, ನಿಜ ಹೇಳು" ಎಂದಳು ಕಿನುಕೊ. "ತಕಾಒಕಾದಲ್ಲೆಲ್ಲ ಸತ್ತೋರಿಗೆ ಕಾರ್ಡ್ ಬಂದಿದೆಯಂತೆ, ನಿಮ್ಮನೆ ಕಂಪ್ಯೂಟರ್ ಕೆಟ್ಟಿತ್ತಂತೆ. ಇದೂ ಅದರ ಕೆಲಸಾನಾ, ಇಲ್ಲ ನೀನು ಕಳಿಸಿದ್ದಾ?"

ಮೂರು ದಿನದಿಂದ ಬಾಯಿಪಾಠವಾಗಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಯಂತ್ರದ ತಪ್ಪು. ಹಾಗೆಂದರೆ ಸೂತಕದ ಮನೆಗೆ ಶುಭಾಶಯ ಕಳಿಸಿದ ಪಾಪವೂ ತಪ್ಪುತ್ತಿತ್ತು. ಶೌಚಾಲಯದ ಬಾಗಿಲ ಹಿಂದಿನಿಂದ ಕಂಪ್ಯೂಟರ್ ತಪ್ಪು ಅನ್ನು ಎಂಬ ಕೂಗೂ ಬಂತು.

"ಕಂಪ್ಯೂಟರ್ ಅಲ್ಲ" ಎಂದಳು ಯಸುಯೊ. "ನಾನೇ ಕಳಿಸಿದ್ದು. ನಿನ್ನ ಹೆಸರು ಕಂಡಿತು, ಅದೊಂದು ಹೋಗ್ಲಿ ಅಂತ ಮಿಕ್ಕಿದ್ದೆಲ್ಲ ತಪ್ಪಾದ್ರೂ ಸುಮ್ಮನಿದ್ದೆ. ತಾತ್ಸುಜಿ ವಿಷಯ ನನಗೆ ಗೊತ್ತಿರ್ಲಿಲ್ಲ."



"ನೀನು ಕಳಿಸಿದ್ದೇ ಆದ್ರೆ ಬಾ" ಎಂದಳು ಕಿನುಕೊ. "ಬಂದು ಆ ಶುಭಾಶಯ ಅವರ ಫೋಟೋ ಎದುರಿಗೆ ಹೇಳು." ಫೋನು ಇಟ್ಟಳು.

ಯಸುಯೊ ಕಪ್ಪು ಕೋಟು ತೊಟ್ಟು ಧೂಪದ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಮೊರಿಹಿಕೊ ಹೊರಗೆ ಬಂದ. ಎಲ್ಲಿಗೆ ಎಂದ. ಹಿಮಿಗೆ, ಕಿನುಕೊಳ ಗಂಡ ತೀರಿಹೋಗಿದ್ದಾನೆ ಎಂದಳು. ಅವನ ಮುಖದಲ್ಲಿ ಮೊದಲು ಬಂದದ್ದು ದುಃಖವಲ್ಲ, ಲೆಕ್ಕ. "ಅವಳಿಗೆ ಕಾರ್ಡ್ ಹೋಯ್ತಾ? ಅವಳನ್ನ ನಾನು ಅಳಿಸಿದ್ನಲ್ಲ" ಎಂದ. ಯಸುಯೊ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಇಷ್ಟು ವರ್ಷ ಈ ಮನುಷ್ಯನಿಗಾ ನಾನು ಹೆದರಿದ್ದು ಎಂದು ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅವನು ಶೌಚಾಲಯದ ಕಡೆ ಹೆಜ್ಜೆ ಹಾಕಿದ. ಆದರೆ ತೊಮೆ ಆಗಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು.

"ನಿಮ್ಮ ಪಟ್ಟಿ, ನೀವೇ ಎತ್ತಿ" ಎಂದು ಯಸುಯೊ ಬೂಟು ಮೆಟ್ಟಿದಳು.

ಹಿಮಿಯ ರೈಲಿನಲ್ಲಿ ಅವಳು ಅಳಲಿಲ್ಲ. ಕಿಟಕಿಯಾಚೆ ಕಡಲು ಬೂದುಬಣ್ಣಕ್ಕಿತ್ತು, ಹಿಮ ಬೀಳುತ್ತಿತ್ತು. ಏನು ಹೇಳಬೇಕೆಂದು ಯೋಚಿಸಿದಳು, ಯೋಚಿಸಿದ್ದೆಲ್ಲ ಸುಳ್ಳಾಗಿ ಕೇಳಿಸಿತು. ಬಾಗಿಲು ತೆರೆದ ಕಿನುಕೊಳ ತಲೆ ಪೂರ್ತಿ ನೆರೆತಿತ್ತು. ಕೈ ಹಿಡಿಯಲಿಲ್ಲ, ಕೂತ್ಕೋ ಅನ್ನಲಿಲ್ಲ. ನೇರ ಒಳಗೆ ಕರೆದೊಯ್ದು ತಾತ್ಸುಜಿಯ ಫೋಟೋ ತೋರಿಸಿದಳು. ಮೀನುಪೇಟೆಯ ಟೋಪಿ ಹಾಕಿಕೊಂಡೇ ತೆಗೆಸಿದ ಫೋಟೋ, ಬಾಯಿತುಂಬ ನಗು. ಅದರ ಕೆಳಗೆ ಮುದ್ರಿಸಿದ ಕಾರ್ಡು ನಿಲ್ಲಿಸಿಟ್ಟಿತ್ತು.

ಯಸುಯೊ ಮೊಣಕಾಲೂರಿ ಧೂಪ ಹಚ್ಚಿ ಕೈಮುಗಿದಳು.

"ಹೇಳು" ಎಂದಳು ಕಿನುಕೊ ಹಿಂದಿನಿಂದ.

"ಕಿನು, ಆಗಲ್ಲ."

"ಕಳಿಸೋಕೆ ಆಯ್ತಲ್ಲ. ಹೇಳು."

"ಹೊಸ ವರ್ಷದ ಶುಭಾಶಯ, ತಾತ್ಸುಜಿ" ಎಂದಳು ಯಸುಯೊ. ತಲೆ ಚಾಪೆಗೆ ತಾಗುವ ಹಾಗೆ ಬಗ್ಗಿದಳು, ಬೆನ್ನು ಅಲುಗತೊಡಗಿತು.

ಕಿನುಕೊ ಬಂದು ಪಕ್ಕದಲ್ಲಿ ಕಾಲು ಮಡಚಿ ಕೂತಳು. ಅಕ್ಕನ ಕೋಟಿನ ಮೇಲಿದ್ದ ಹಿಮವನ್ನು ಕೈಯಿಂದ ಒರಟಾಗಿ ಕೊಡವಿದಳು.

"ಅಳು" ಎಂದಳು. "ನಾಲ್ಕು ತಿಂಗಳಿಂದ ಒಬ್ಬಳೇ ಅಳ್ತಿದೀನಿ, ನನಗೆ ಸಾಕಾಗಿದೆ. ಈಗ ಸ್ವಲ್ಪ ಹೊತ್ತು ನೀನು ಅಳು."